ಚಾಳಿ ಹೇಳಿ, ಬಿಡಿಸಿಕೊಂಡು ಹೋಗಿ

ಮಂಡಲವನ್ನು ನಗರ ನುಂಗಿದ್ದು ಒಂದು ಬುಧವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ. ನಗರಸಭೆಯ ಲಾರಿಯೊಂದು ಬಂದು ಮಂಡಲ ಕಚೇರಿಯ ಮೇಜು, ಕುರ್ಚಿ, ಕಪಾಟುಗಳನ್ನು ಹೇರಿಕೊಂಡಿತು. ಕೊನೆಗೆ ಇಬ್ಬರು ಆಳುಗಳು ಏಣಿ ಹಾಕಿ ಬಾಗಿಲ ಮೇಲಿನ ಬೋರ್ಡು ಬಿಚ್ಚಲು ಹೋದರು. ಬೋರ್ಡಿನ ಹಿಂದೆ ಗುಬ್ಬಚ್ಚಿ ಮರಿ ಮಾಡಿತ್ತು. ಮೇಲಿದ್ದವನು ಕೆಳಗಿದ್ದವನನ್ನು ನೋಡಿದ, ಕೆಳಗಿದ್ದವನು ಲಾರಿಯ ಜೊತೆ ಬಂದಿದ್ದ ಗುಮಾಸ್ತನನ್ನು ನೋಡಿದ, ಗುಮಾಸ್ತ ತನ್ನ ಕೈಗಡಿಯಾರ ನೋಡಿಕೊಂಡ. ಕಿತ್ತ ಮೊಳೆಯನ್ನು ಮತ್ತೆ ಹೊಡೆದು ಮೂವರೂ ಲಾರಿ ಹತ್ತಿದರು. ಹೀಗಾಗಿ ಮಂಡಲದ ಹೆಸರು ಅದರ ಅಧಿಕಾರಕ್ಕಿಂತ ಕೆಲವು ವಾರ ಹೆಚ್ಚು ಬದುಕಿತು.

ಅತ್ತವರು ಇರಲಿಲ್ಲವೆಂದಲ್ಲ. ಅವರಲ್ಲಿ ಹೆಚ್ಚಿನವರು ಮೊದಲು ಹೊಲವನ್ನು ಒಳ್ಳೆಯ ಬೆಲೆಗೆ ಮಾರಿ, ಆಮೇಲೆ ಅತ್ತರು. ಉಳಿದವರಿಗೆ ನಲ್ಲಿಯಲ್ಲಿ ನೀರು ಬರುತ್ತದೆಯೇ, ಬೀದಿಗೆ ದೀಪ ಬರುತ್ತದೆಯೇ ಎಂಬುದು ಮುಖ್ಯವಾಗಿತ್ತು. ಎರಡೂ ಬಂದವು. ದೀಪ ಮೊದಲು ಬಂತು, ನೀರು ಸ್ವಲ್ಪ ಯೋಚನೆ ಮಾಡಿ ಬಂತು.

ಒಂಬತ್ತು ಹಳ್ಳಿಗಳು ಸೇರಿದ ಆ ಮಂಡಲಕ್ಕೂ ನಗರಕ್ಕೂ ನಡುವೆ ಇದ್ದ ಗಡಿಯೆಂದರೆ ಚರಂಡಿಗಿಂತ ತುಸು ದೊಡ್ಡದಾದ ಒಂದು ಹಳ್ಳ. ಆಚೆ ದಡದಲ್ಲಿ ನಗರದ ಕೊನೆಯ ದೀಪದ ಕಂಬ, ಈಚೆ ದಡದಲ್ಲಿ ಮಂಡಲದ ಮೊದಲ ಸೊಪ್ಪಿನ ಮಡಿ. ಈಚೆಯವರು ಬೆಳಗ್ಗೆ ಸೊಪ್ಪು, ಹಾಲು, ಇಟ್ಟಿಗೆಯನ್ನು ಆಚೆಗೆ ಸಾಗಿಸಿದರೆ, ಆಚೆಯವರು ಸಂಜೆ ತಮ್ಮ ಕಸವನ್ನು ಈಚೆಗೆ ಎಸೆದು ಲೆಕ್ಕ ಚುಕ್ತಾ ಮಾಡುತ್ತಿದ್ದರು. ಮಂಡಲಕ್ಕೆ ಆಸ್ತಿ ಎಂದು ಇದ್ದದ್ದು ಒಂದು ರೋಡ್ ರೋಲರ್, ಸೈಕಲ್ ಮೇಲೆ ತಿರುಗುವ ಒಬ್ಬ ನರ್ಸಮ್ಮ, ಒಬ್ಬ ದನದ ಡಾಕ್ಟರು ಮತ್ತು ಒಂದು ದೊಡ್ಡಿ.

ದೊಡ್ಡಿಯೆಂದರೆ ಆಳೆತ್ತರದ ಕಲ್ಲುಗೋಡೆಯ ದೊಡ್ಡ ಅಂಗಳ. ಒಳಗೆ ಸಾಲು ಗೂಟಗಳು, ಒಂದು ಕಲ್ಲಿನ ನೀರಿನ ತೊಟ್ಟಿ, ಮೂಲೆಯಲ್ಲಿ ಕಾವಲಿನವರಿಗೆ ಒಂದು ಕೋಣೆ ಮತ್ತು ಅಡುಗೆಮನೆ. ಯಾರದ್ದಾದರೂ ದನ ಇನ್ನೊಬ್ಬರ ಹೊಲಕ್ಕೆ ನುಗ್ಗಿ ಮೇದರೆ ಅದನ್ನು ಹಿಡಿದು ತಂದು ಇಲ್ಲಿ ಕೂಡುತ್ತಿದ್ದರು. ಒಡೆಯ ಬಂದು ಒಂದು ಹೊರೆ ಹುಲ್ಲು ಹಾಕಿ, ತೊಟ್ಟಿ ತೊಳೆದು, ತನ್ನ ದನವನ್ನು ಬಿಡಿಸಿಕೊಂಡು ಹೋಗಬೇಕು. ಅಷ್ಟೇ ಶಿಕ್ಷೆ.

ಈ ದೊಡ್ಡಿಗೆ ಸೊಸೆಯಾಗಿ ಬಂದವಳನ್ನು ಊರು ಮುಂದೆ ದೊಡ್ಡಿಯಕ್ಕ ಎಂದು ಕರೆಯಿತು. ಅವಳು ಮದುವೆಯಾಗಿದ್ದು ರೋಡ್ ರೋಲರ್ ಓಡಿಸುವವನನ್ನು; ಕೈ ಹಿಡಿದದ್ದು ಮಾತ್ರ ದೊಡ್ಡಿಯ ಕೆಲಸವನ್ನು. ಅವಳಿಗಿಂತ ಮೊದಲು ಕಾವಲಿಗಿದ್ದವನು ಅವಳ ಮಾವ. ಅವನಿಗೆ ದನ ಕಂಡರೆ ಭಯ. ಸಂಬಳಕ್ಕೆ ಹೆಬ್ಬೆಟ್ಟು ಒತ್ತುವುದು ಅವನು, ಕೆಲಸ ಮಾಡುವುದು ಅತ್ತೆ. ಮಾವ ತೀರಿಕೊಂಡಾಗ ಮಂಡಲದವರು ಕೆಲಸವನ್ನು ಅತ್ತೆಯ ಹೆಸರಿಗೇ ಮಾಡಿದರು. "ಇನ್ನು ಹೆಬ್ಬೆಟ್ಟೂ ನಂದೇ" ಎಂದು ಅತ್ತೆ ಕಣ್ಣೊರೆಸಿಕೊಂಡಳಂತೆ. ಸೊಸೆ ಬಂದ ವಾರದಲ್ಲೇ ಬೀಗದ ಕೈ ಅವಳ ಸೊಂಟಕ್ಕೆ ಸಿಕ್ಕಿಸಿ, ತಾನು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಳು. ಅಲ್ಲಿಂದ ಏಳಲಿಲ್ಲ, ಸುಮ್ಮನೂ ಇರಲಿಲ್ಲ.

ದೊಡ್ಡಿಯ ಕಟ್ಟಳೆ ಅತ್ತೆಯದೇ. ಅದು ಹುಟ್ಟಿದ ದಿನವನ್ನು ಅವಳು ಸೊಸೆಗೆ ಎಷ್ಟೋ ಸಲ ಹೇಳಿದ್ದಳು. ಒಂದು ಕಂದು ಹಸು ತನ್ನದೆಂದು ಇಬ್ಬರು ಗಂಟು ಬಿದ್ದಿದ್ದರು. ಮೊದಲನೆಯವನು, "ಬಂಗಾರದಂಥ ಹಸು ತಾಯಿ, ಮಗು ಹೋಗಿ ಕೆಚ್ಚಲಿಗೆ ಬಾಯಿಟ್ರೂ ಸುಮ್ಮನಿರುತ್ತೆ" ಎಂದ. ಎರಡನೆಯವನು ಉರಿದುಬಿದ್ದ: "ಬಂಗಾರವಂತೆ! ತಂಬಿಗೆ ಬಲಗಡೆ ಇಟ್ರೆ ಒದೆಯುತ್ತೆ ಮುಂಡೇದು. ಒಣಹಾಕಿದ ಬಟ್ಟೆ ತಿನ್ನುತ್ತೆ. ನಮ್ಮತ್ತಿಗೆ ಎದುರಿಗೆ ಬಂದ್ರೆ ಒಂದು ಹನಿ ಹಾಲು ಬಿಡಲ್ಲ!" ಅತ್ತೆ ಒಳಗಿನಿಂದ ತಂಬಿಗೆ ತಂದು ಬಲಗಡೆ ಇಟ್ಟಳು. ತಂಬಿಗೆ ಗೋಡೆಗೆ ಹೋಗಿ ಬಡಿಯಿತು. ಹಸು ಎರಡನೆಯವನ ಜೊತೆ ಹೋಯಿತು.

"ಹೊಗಳೋಕೆ ದಲ್ಲಾಳಿ ಸಾಕು," ಎನ್ನುತ್ತಿದ್ದಳು ಅತ್ತೆ. "ಅದರ ಹತ್ರ ಪಾಡು ಪಟ್ಟವನು ಯಾರು ಅಂತ ನಂಗೆ ಬೇಕು."

ಅಂದಿನಿಂದ ದನ ಬಿಡಿಸಲು ಬಂದವರು ಗೇಟಿನ ಬಳಿ, ಅಂಗಳಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಎದುರಿಗೆ ನೋಡುತ್ತ ನಿಂತರೆ ಕೊಂಬು ಸೊಟ್ಟ, ಕಿವಿ ಹರಿದಿದೆ ಎಂದು ಕಣ್ಣಿಗೆ ಕಂಡದ್ದನ್ನೇ ಹೇಳಿಬಿಡುತ್ತಾರೆ. ಬೆನ್ನು ಮಾಡಿ ನಿಂತು ಗುಣ ಬಿಟ್ಟು ಚಾಳಿ ಹೇಳಬೇಕು. ಹಗ್ಗ ಅಗಿಯುತ್ತದೆಯೇ, ನೊಗ ಕಂಡರೆ ಮಲಗುತ್ತದೆಯೇ, ನೆಂಟರ ಮುಂದೆ ಮಾನ ಕಳೆಯುತ್ತದೆಯೇ. ಸಂಜೆಯಾದರೆ ಹಳ್ಳಿಯವರು ಕೆಲಸ ಮುಗಿಸಿ ಬಂದು ದೊಡ್ಡಿಯ ಗೋಡೆ ಹತ್ತಿ ಕೂತುಬಿಡುತ್ತಿದ್ದರು. ಮಂಡಲದಲ್ಲಿ ಸಿನಿಮಾ ಮಂದಿರ ಇರಲಿಲ್ಲ. ಅದರ ಕೊರತೆಯೂ ಯಾರಿಗೂ ಕಾಣಲಿಲ್ಲ.

ಕಟ್ಟಳೆ ಒಮ್ಮೆ ಮಾತ್ರ ಕೈಕೊಟ್ಟಿತ್ತು. ಗೊರಸು ಊದಿಕೊಂಡಿದ್ದ ಎತ್ತೊಂದನ್ನು ನೋಡಿ ದನದ ಡಾಕ್ಟರಿಗೆ ಕನಿಕರ ಬಂತು. ತನ್ನ ಕೊಟ್ಟಿಗೆಯಲ್ಲಿಟ್ಟು ಔಷಧಿ ಮಾಡೋಣವೆಂದು, ತನ್ನದೇ ಎತ್ತು ಎನ್ನುವಂತೆ ಬೆನ್ನು ಮಾಡಿ ನಿಂತು ಅದರ ಹುಟ್ಟುರೋಗವೆಲ್ಲ ಹೇಳಿದರು. ಅತ್ತೆ ಕೊಟ್ಟಳು. ನಿಜವಾದ ಒಡೆಯ ಒಂಬತ್ತು ಹಳ್ಳಿ ಸುತ್ತಿ ಹುಡುಕಿ, ಕೊನೆಗೆ ಡಾಕ್ಟರ ಹಿತ್ತಲಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಹಾಯಾಗಿ ಮೆಲುಕು ಹಾಕುತ್ತಿದ್ದ ಎತ್ತನ್ನು ಕಂಡ. ಆಮೇಲೆ ಡಾಕ್ಟರಿಗೆ, ದಲ್ಲಾಳಿಗೆ, ಹಾಲು ಕರೆಯುವ ಆಳಿಗೆ ದನ ಬಿಡಬಾರದೆಂದು ಕಟ್ಟಳೆಗೆ ಬಾಲ ಸೇರಿತು.

ನಗರ ಬಂದ ಮೇಲೆ ಗೋಮಾಳದಲ್ಲಿ ಮನೆಗಳೆದ್ದವು. ಮೇಯಲು ಹೊಲವಿಲ್ಲದೆ ನುಗ್ಗುವ ದನವೂ ಕಡಿಮೆಯಾಯಿತು. ರೋಲರನ್ನೂ ಅದರ ಜೊತೆಗೆ ದೊಡ್ಡಿಯಕ್ಕನ ಗಂಡನನ್ನೂ ನಗರಸಭೆ ಸಂತೋಷವಾಗಿ ತೆಗೆದುಕೊಂಡಿತು. ದೊಡ್ಡಿಯನ್ನು ಏನು ಮಾಡಬೇಕೆಂದು ಅದಕ್ಕೆ ತಿಳಿಯಲಿಲ್ಲ. ಕೆಲವು ತಿಂಗಳು ದೊಡ್ಡಿಯಕ್ಕ ಖಾಲಿ ಅಂಗಳ ಗುಡಿಸಿದಳು, ಖಾಲಿ ತೊಟ್ಟಿಗೆ ನೀರು ತುಂಬಿಸಿದಳು. ಕಾಗೆಗಳು ಸ್ನಾನ ಮಾಡಿ ಹೋದವು.

ಆಮೇಲೊಂದು ದಿನ ವಲಯಾಧಿಕಾರಿ ಜೀಪಿನಲ್ಲಿ ಬಂದಿಳಿದರು. ಓದಿದ್ದು ಎಂಜಿನಿಯರಿಂಗು, ಐವತ್ತು ದಾಟಿದ ತೆಳ್ಳನೆಯ ಹೆಂಗಸು, ನಡೆದರೆ ಹಿಂದೆ ಬರುವವರು ಓಡಬೇಕು. ಅವರು ನಕ್ಕದ್ದನ್ನು ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲವೆಂದು ಜೊತೆಗೆ ಬಂದ ಗುಮಾಸ್ತ ಮೊದಲೇ ಪಿಸುಗುಟ್ಟಿದ್ದ.

"ಈ ದೊಡ್ಡಿ ಯಾವ ವಿಭಾಗಕ್ಕೆ ಸೇರುತ್ತೆ?" ಎಂದು ಅಧಿಕಾರಿ ಕೇಳಿದರು.

"ಅದನ್ನ ಇದುವರೆಗೆ ಯಾರೂ ಕೇಳಿಲ್ಲ ಮೇಡಮ್," ಎಂದಳು ದೊಡ್ಡಿಯಕ್ಕ.

"ನಗರಸಭೆಯಲ್ಲಿ ದೊಡ್ಡಿ ಕಾವಲು ಅನ್ನೋ ಹುದ್ದೆಯೇ ಇಲ್ಲ. ನಿಮ್ಮನ್ನ ಮುಖ್ಯ ಕಚೇರಿಗೆ ಹಾಕಬೇಕಾಗುತ್ತೆ. ಬಾಗಿಲ ಹೊರಗೆ ಸ್ಟೂಲ್ ಇರುತ್ತೆ. ಸಂಬಳ ಅಷ್ಟೇ."

"ಸ್ಟೂಲ್ ಮೇಲೆ ಕೂತು ಏನು ಮಾಡೋದು?"

"ಗಂಟೆ ಬಾರಿಸಿದ್ರೆ ಏಳೋದು."

"ಬಾರಿಸದಿದ್ರೆ?"

"ಕೂತಿರೋದು."

 ದೊಡ್ಡಿಯಕ್ಕ ಮದುವೆಯಾದಾಗಿನಿಂದ ಹಗಲು ಹೊತ್ತು ನೆಟ್ಟಗೆ ಕೂತವಳೇ ಅಲ್ಲ. ಕೆಲಸ ಹೋದರೆ ಮೂಲೆಯ ಕೋಣೆ ಹೋಗುತ್ತದೆ, ಅಡುಗೆಮನೆ ಹೋಗುತ್ತದೆ, ಅತ್ತೆಯ ಕಲ್ಲುಬೆಂಚೂ ಹೋಗುತ್ತದೆ. ಬೆಂಚಿಲ್ಲದ ಅತ್ತೆಯನ್ನು ಬಾಡಿಗೆ ಮನೆಯೊಳಗೆ ಇಟ್ಟುಕೊಂಡು ಬಾಳುವುದನ್ನು ಅವಳು ಒಂದು ಗಳಿಗೆ ಕಲ್ಪಿಸಿಕೊಂಡಳು. ಎರಡನೆಯ ಗಳಿಗೆ ಬೇಕಾಗಲಿಲ್ಲ.

ಅಧಿಕಾರಿ ಅಂಗಳದ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದು, "ರಸ್ತೆಗೆ ಅಡ್ಡ ನಿಲ್ಲಿಸಿದ ಗಾಡಿಗಳನ್ನ ತಂದು ಇಡೋಕೆ ನಮಗೆ ಜಾಗ ಬೇಕು" ಎಂದರು. "ಸದ್ಯಕ್ಕೆ ನೀವೇ ನೋಡ್ಕೊಳಿ. ಕಾಗದ ನೋಡಿ ಗಾಡಿ ಬಿಡಬೇಕು. ಮುಂದಿನ ತಿಂಗಳ ಕೊನೆಗೆ ಬಂದು ನೋಡ್ತೀನಿ. ಸರಿಯಾಗಿ ನಡೆದಿದ್ರೆ ಸರಿ. ಇಲ್ಲದಿದ್ರೆ ಗುತ್ತಿಗೆಗೆ ಕೊಟ್ಟು ನಿಮ್ಮನ್ನ ಸ್ಟೂಲಿಗೆ ಕಳಿಸ್ತೀನಿ."

ಜೀಪು ಹೋದ ಮೇಲೆ ಅತ್ತೆ ಬೆಂಚಿನಿಂದಲೇ ಕೇಳಿದಳು: "ಏನಂತೆ ಅವಳಿಗೆ?"

"ಇನ್ನು ಮೇಲೆ ದನದ ಬದಲು ಗಾಡಿ ಕೂಡಬೇಕಂತೆ."

"ಸಗಣಿ ಬಾಚೋದು ತಪ್ಪಿತಲ್ಲ, ಅಳೋದೇನಿದೆ?"

ಮರುದಿನವೇ ನಗರಸಭೆಯ ಟೋಯಿಂಗ್ ಲಾರಿ ಒಂದು ಕಾರು, ಎರಡು ಸ್ಕೂಟರು, ಒಂದು ತರಕಾರಿ ವ್ಯಾನು ತಂದಿಳಿಸಿತು. ಗಾಡಿ ದನವಲ್ಲವೆಂಬುದು ದೊಡ್ಡಿಯಕ್ಕನಿಗೆ ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಅವಳ ಕೈಗೆ ಗೊತ್ತಿರಲಿಲ್ಲ, ಅಷ್ಟೇ. ಅದು ಸ್ಕೂಟರಿನ ಕುತ್ತಿಗೆಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟಿತು. ಕೂಡಲು ಲಾರಿಯೊಂದು ಬಂದ ದಿನ ಅದನ್ನು ಹಾಯುವ ಹೋರಿಯ ಮೂಲೆಗೆ ಒಯ್ದು ಬೇರೆ ನಿಲ್ಲಿಸಿತು. ಸಂಜೆ ತೊಟ್ಟಿಗೆ ನೀರು ತುಂಬಿಸಿತು. "ಕುಡಿಯೋಕೆ ಯಾರಿದಾರೆ?" ಎಂದು ಅತ್ತೆ ಕೇಳಿದಾಗ ಅವಳು, "ತೊಳೆಯೋಕೆ ಬೇಕಾಗುತ್ತೆ ಬಿಡಿ" ಎಂದು ಮಾತು ತೇಲಿಸಿದಳು.

ಕಾಗದ ನೋಡಿ ಬಿಡುವುದು ಮೊದಲ ದಿನವೇ ಕಗ್ಗಂಟಾಯಿತು. ಹಿಂದಿನ ಮಂಡಲದಲ್ಲಿ ಯಾವ ಗಾಡಿಯೂ ಅದನ್ನು ಓಡಿಸುವವನ ಹೆಸರಿನಲ್ಲಿರಲಿಲ್ಲ. ತರಕಾರಿ ವ್ಯಾನಿನವನು ತಂದ ಕಾಗದದಲ್ಲಿ ಅವನ ಸೋದರಮಾವನಿಗೆ ವ್ಯಾನು ಮಾರಿದವನ ತಂದೆಯ ಹೆಸರಿತ್ತು.

"ಇವರೆಲ್ಲಿ?" ಎಂದಳು ದೊಡ್ಡಿಯಕ್ಕ.

"ಅವರು ಹೋಗಿ ಎಷ್ಟೋ ಕಾಲ ಆಯ್ತು ಅಕ್ಕ. ಒಳ್ಳೆಯವರು. ಅವರನ್ನ ಈಗ ಎಲ್ಲಿಂದ ಕರ್ಕೊಂಡು ಬರ್ಲಿ?"

ದೊಡ್ಡಿಯಕ್ಕ ಕಾಗದ ಮಡಚಿ ಅವನ ಕೈಗೆ ಕೊಟ್ಟಳು. ಬೇರೆ ದಾರಿಯಿರಲಿಲ್ಲ, ಇದ್ದರೂ ಅವಳು ಹುಡುಕಲಿಲ್ಲ.

"ಬೆನ್ನು ಮಾಡಿ ನಿಂತ್ಕೋ. ಚಾಳಿ ಹೇಳು."

ವ್ಯಾನಿನವನು ಹಳೆಯ ಹಳ್ಳಿಯವನೇ. ಅವನ ಮುಖ ಅರಳಿತು. ತಿರುಗಿ ನಿಂತು, ಎದೆ ಉಬ್ಬಿಸಿ, ಶುರು ಮಾಡಿದ: "ಎರಡನೇ ಗೇರು ನನ್ನ ಮಾತು ಕೇಳಲ್ಲ ಅಕ್ಕ, ನನ್ನ ಹೆಂಡ್ತಿ ಹಾಕಿದ್ರೆ ಬೀಳುತ್ತೆ. ಎಡಕ್ಕೆ ತಿರುಗಿಸಿದ್ರೆ ತಾನಾಗೇ ಹಾರನ್ ಹೊಡೆಯುತ್ತೆ. ಹಿಂದಿನ ಬಾಗಿಲು ಕುಂಬಳಕಾಯಿ ಹೇರಿದ ದಿನ ಮಾತ್ರ ತೆರ್ಕೊಳುತ್ತೆ; ಬದನೆಕಾಯಿ ಹೇರಿದ ದಿನ ಬಲು ಸಾಧು!"

ಗೋಡೆಯ ಆಚೆಯಿಂದ ಯಾರೋ ನಕ್ಕರು. ಆ ವಾರ ಮುಗಿಯುವುದರೊಳಗೆ ಗೋಡೆ ತುಂಬಿತು. ಹಿಂದೆ ಗೋಡೆ ಹತ್ತುತ್ತಿದ್ದವರಿಗೆ ಈಗ ಮಂಡಿ ನೋವು. ಅವರು ಮಡಚುವ ಕುರ್ಚಿ ತಂದರು. ಗೋಮಾಳದ ಹೊಸ ಮನೆಗಳವರು ಮೊದಲು ಕಿಟಕಿಯಿಂದ ಇಣುಕಿದರು, ಆಮೇಲೆ ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿಗೆ ಬಂದರು, ಕೊನೆಗೆ ನಾಚಿಕೆ ಬಿಟ್ಟು ಕೆಳಗಿಳಿದು ಹಳಬರ ಪಕ್ಕದಲ್ಲಿ ಕೂತರು. ಬ್ಯಾಂಕಿನ ವ್ಯವಸ್ಥಾಪಕರೊಬ್ಬರು ತಮ್ಮ ಕಾರಿಗೆ ಯಾವ ಚಾಳಿಯೂ ಇಲ್ಲವೆಂದು ವಾದ ಹೂಡಿದಾಗ ಅವರ ಹೆಂಡತಿಯೇ ಮುಂದೆ ಬಂದು, "ಸ್ವಲ್ಪ ಸರೀರಿ, ನಾನು ಹೇಳ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ನಿಂತದ್ದನ್ನು ಜನ ಬಹಳ ದಿನ ನೆನೆದರು. ಬಿಡಿಸಿಕೊಂಡು ಹೋಗುವ ಮೊದಲು ಎಲ್ಲರೂ ತೊಟ್ಟಿ ತೊಳೆಯಬೇಕಿತ್ತು. ಅದನ್ನು ದೊಡ್ಡಿಯಕ್ಕ ಬಿಡಲಿಲ್ಲ. ತೊಟ್ಟಿ ಕನ್ನಡಿಯ ಹಾಗೆ ಹೊಳೆಯತೊಡಗಿತು.

ಹೀಗೆ ತಿಂಗಳ ಕೊನೆ ಬಂತು. ಅಧಿಕಾರಿ ಬರುವ ದಿನ ದೊಡ್ಡಿಯಕ್ಕ ಬೆಳಗ್ಗೆಯೇ ಅಂಗಳ ಗುಡಿಸಿ, ಗಾಡಿಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದಳು. ಹೊತ್ತು ಏರುವಾಗ ಟೋಯಿಂಗ್ ಲಾರಿ ಒಂದು ಬಿಳಿ ಸ್ಕೂಟರನ್ನು ತಂದಿತು. ಶಾಲೆಯ ಗೇಟಿಗೆ ಅಡ್ಡ ನಿಂತಿತ್ತಂತೆ. ಅವಳು ಅದಕ್ಕೆ ಹಗ್ಗ ಹಾಕಿ ಕಟ್ಟಿದಳು.

ಮಧ್ಯಾಹ್ನ ಪಾನಾ ಬಂದ. ಅವನು ಗಾಡಿ ರಿಪೇರಿಯವನು. ಕೈಯಲ್ಲಿ ಸದಾ ಬೋಲ್ಟು ತಿರುಗಿಸುವ ಪಾನಾ ಇರುತ್ತಿದ್ದುದರಿಂದ ಅದೇ ಹೆಸರು ನಿಂತಿತ್ತು. ಗಿರಾಕಿಯೊಬ್ಬರ ಗಾಡಿ ಕೇಳಿಕೊಂಡು ಬಂದವನ ಕಣ್ಣು ಬಿಳಿ ಸ್ಕೂಟರಿನ ಮೇಲೆ ಬಿತ್ತು. ಅದು ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಸಲ ಅವನೇ ರಿಪೇರಿ ಮಾಡಿದ್ದ. ಅವನ ಅಂಗಡಿಯ ತಗಡಿನ ಚಾವಣಿ ನಗರಸಭೆಯ ರಸ್ತೆಯ ಮೇಲೆ ಧಾರಾಳವಾಗಿ ಚಾಚಿಕೊಂಡಿತ್ತು. ಅಧಿಕಾರಿಯ ಸ್ಕೂಟರನ್ನು ತಾನೇ ಬಿಡಿಸಿ, ರಿಪೇರಿ ಮಾಡಿ, ಒರೆಸಿ, ಅವರ ಕಚೇರಿಯ ಮುಂದೆ ನಿಲ್ಲಿಸಿದರೆ ಚಾವಣಿಯ ಮೇಲೆ ಅವರ ಕಣ್ಣು ಬೀಳಲಿಕ್ಕಿಲ್ಲವೆಂದು ಅವನಿಗೆ ಹೊಳೆಯಿತು.

"ಅಕ್ಕ, ಆ ಬಿಳೀದು ನಂದೇ," ಎಂದ.

"ಚಾಳಿ?"

ಪಾನಾ ಬೆನ್ನು ಮಾಡಿ ನಿಂತು ಒಂದೇ ಉಸಿರಿಗೆ ಒಪ್ಪಿಸಿದ: "ತಣ್ಣಗಿದ್ರೆ ಚೋಕ್ ಅರ್ಧ ಎಳೀಬೇಕು, ಪೂರ್ತಿ ಎಳೆದ್ರೆ ಪೆಟ್ರೋಲ್ ಉಕ್ಕುತ್ತೆ. ಬ್ರೇಕ್ ಹಾಕಿದ್ರೆ ಎಡಗಡೆ ದೀಪ ಮಿಟುಕುತ್ತೆ. ಪ್ಲಗ್ಗಿಗೆ ಎಣ್ಣೆ ಹತ್ತುತ್ತೆ. ಡಿಕ್ಕಿ ಬಾಗಿಲಿಗೆ ಒಂದು ಗುದ್ದು ಕೊಡದೆ ಬೀಗ ತೆಗೆಯಲ್ಲ."

ದೊಡ್ಡಿಯಕ್ಕ ಹೋಗಿ ಡಿಕ್ಕಿಗೆ ಒಂದು ಗುದ್ದು ಕೊಟ್ಟಳು. ತೆರೆಯಿತು. ಅತ್ತೆ ಒಳಗೆ ಮಲಗಿದ್ದಳು. ಅಧಿಕಾರಿ ಬರುವ ಗಡಿಬಿಡಿ ಬೇರೆ. ಅವಳು ಹಗ್ಗ ಬಿಚ್ಚಿ ಸ್ಕೂಟರ್ ಕೊಟ್ಟಳು.

ಸಂಜೆ ಗೋಡೆಯ ಮೇಲೆ ಜನ ಸೇರುವ ಹೊತ್ತಿಗೆ ಅಧಿಕಾರಿ ಬಂದರು. ಜೀಪಿನಲ್ಲಲ್ಲ, ನಡೆದುಕೊಂಡು. ಚಪ್ಪಲಿಯ ತುಂಬ ಧೂಳು.

"ನನ್ನ ಸ್ಕೂಟರ್ ಶಾಲೆ ಹತ್ರ ಕೆಟ್ಟು ನಿಂತಿತ್ತು. ನಮ್ಮವರೇ ಎತ್ತಿಕೊಂಡು ಬಂದಿದಾರಂತೆ," ಎಂದರು. "ಬಿಳೀದು. ಎಲ್ಲಿದೆ?"

ದೊಡ್ಡಿಯಕ್ಕನ ಕಣ್ಣು ಬರಿದಾದ ಗೂಟದ ಕಡೆ ಹೋಯಿತು.

"ಬಂದಿತ್ತು ಮೇಡಮ್. ಹೋಯ್ತು."

"ಹೋಯ್ತು ಅಂದ್ರೆ?"

"ಪಾನಾ ಬಿಡಿಸ್ಕೊಂಡು ಹೋದ. ರಿಪೇರಿಯವನು."

"ಕಾಗದ ನೋಡಿದ್ರಾ?"

"ಇಲ್ಲ ಮೇಡಮ್. ಚಾಳಿ ಕೇಳಿದೆ."

"ಏನು ಕೇಳಿದ್ರಿ?"

ಅಷ್ಟರಲ್ಲಿ ಬೆಂಚಿನ ಮೇಲಿದ್ದ ಅತ್ತೆ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ಡಾಕ್ಟರಿಗೆ ಕೊಟ್ಟೆಯಲ್ಲೇ!"

ಆಗ ದೊಡ್ಡಿಯಕ್ಕನಿಗೆ ಹೊಳೆಯಿತು. ಗಾಡಿಗೂ ಡಾಕ್ಟರು ಇರುತ್ತಾರೆ. ಕಟ್ಟಳೆಯ ಬಾಲವನ್ನು ಅವಳು ದನಗಳ ಜೊತೆಗೇ ಬಿಟ್ಟುಬಿಟ್ಟಿದ್ದಳು.

"ತಪ್ಪು ನಂದೇ," ಎಂದಳು. ಅಧಿಕಾರಿಗೆ ಅರ್ಥವಾಗುವಂತೆ ಕಟ್ಟಳೆಯನ್ನೂ ಎತ್ತಿನ ಕತೆಯನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಕಣ್ಣ ಮುಂದೆ ಒಂದು ಸ್ಟೂಲು ಬಂದು ನಿಂತಿತು, ಮೂರು ಕಾಲಿನದು.

ಗೋಡೆಯಿಂದ ಯಾರೋ ಇಳಿದು ಓಡಿ ಪಾನಾನನ್ನು ಕರೆತಂದರು. ಅವನು ತಳ್ಳುಗಾಡಿಯ ಮೇಲೆ ಸ್ಕೂಟರಿನ ಮೈಯನ್ನೂ, ಒಂದು ಬೋಗುಣಿಯಲ್ಲಿ ಅದರ ಹೊಟ್ಟೆಯೊಳಗಿನದೆಲ್ಲವನ್ನೂ ಇಟ್ಟುಕೊಂಡು ಬೆವರುತ್ತ ಬಂದ.

"ಸರ್ವಿಸ್ ಮಾಡಿ ತಂದುಕೊಡೋಣ ಅಂತ ಮೇಡಮ್..."

"ಲೋ, ನೀನು ಯಾರ ಮಗ?" ಎಂದು ಅತ್ತೆ ಬೆಂಚಿನಿಂದ ಕೂಗಿದಳು.

ಪಾನಾ ತಲೆ ಕೆರೆದುಕೊಂಡ. "ಗೊತ್ತಿದ್ದೂ ಕೇಳ್ತೀರಲ್ಲ ಅಜ್ಜಿ. ದನದ ಡಾಕ್ಟರ ಮಗ."

ಗೋಡೆ ಇಡೀ ಗೊಳ್ಳೆಂದಿತು. "ಅಪ್ಪ ಎತ್ತು ಹೊಡ್ಕೊಂಡು ಹೋದ, ಮಗ ಸ್ಕೂಟರ್ ಹೊಡ್ಕೊಂಡು ಹೋದ!" ಎಂದಳು ಅತ್ತೆ. "ನಮ್ಮನೆ ಹೆಂಗಸರನ್ನ ಏಮಾರಿಸೋದು ನಿಮ್ಮ ವಂಶದ ಕಸುಬಾ?"

ಅಧಿಕಾರಿ ನಗಲಿಲ್ಲ. "ಸರಿ. ಸಿಕ್ಕಿತಲ್ಲ. ಜೋಡಿಸಿಕೊಡಿ, ತಗೊಂಡು ಹೋಗ್ತೀನಿ."

ದೊಡ್ಡಿಯಕ್ಕ ತಳ್ಳುಗಾಡಿಗೆ ಅಡ್ಡ ಬಂದು ನಿಂತಳು. ಕೊಟ್ಟುಬಿಡುವುದೇ ಜಾಣತನ, ಅಧಿಕಾರಿಯ ಸಿಟ್ಟು ಇನ್ನೂ ಏರದಂತೆ ನೋಡಿಕೊಳ್ಳುವುದು ಇನ್ನೂ ಜಾಣತನ. ಆದರೆ ಮಧ್ಯಾಹ್ನ ವಿಚಾರಿಸದೆ ಒಬ್ಬನಿಗೆ ಕೊಟ್ಟದ್ದಾಗಿದೆ. ಸಂಜೆ ವಿಚಾರಿಸದೆ ಇನ್ನೊಬ್ಬರಿಗೆ ಕೊಟ್ಟರೆ ಅದು ಎರಡನೆಯ ತಪ್ಪು, ಮೊದಲನೆಯದರ ಪ್ರಾಯಶ್ಚಿತ್ತವಲ್ಲ.

"ಮೇಡಮ್, ಕಾಗದ?" ಎಂದಳು.

 ಅಧಿಕಾರಿ ಅವಳನ್ನು ಒಮ್ಮೆ ನೋಡಿ, ತಳ್ಳುಗಾಡಿಯ ಬಳಿ ಹೋಗಿ, ಡಿಕ್ಕಿಗೆ ಗುದ್ದಿ, ಕಾಗದ ತೆಗೆದರು. ಬಿಡಿಸಿ ನೋಡಿ, ಓದಿ, ಮತ್ತೆ ಮಡಚಿದರು.

"ಇದು ನಮ್ಮಕ್ಕನ ಹೆಸರಲ್ಲಿದೆ," ಎಂದರು.

ಯಾರೂ ನಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಮಂದಿಯ ಗಾಡಿಗಳು ಅಕ್ಕಂದಿರ, ಭಾವಂದಿರ, ಮಾವಂದಿರ ಹೆಸರಲ್ಲಿದ್ದವು. ಒಬ್ಬ ಮುದುಕ ಮಾತ್ರ, "ನಮ್ಮೋರೇ ಬಿ‌ಡು" ಎಂದ, ಮೆಲ್ಲಗೆ.

ಅಧಿಕಾರಿ ಕಾಗದವನ್ನು ಚೀಲಕ್ಕೆ ಹಾಕಿಕೊಂಡರು. ಆಮೇಲೆ, ಯಾರೂ ಹೇಳದೆಯೇ, ಗೇಟಿನ ಬಳಿ ಹೋಗಿ ಅಂಗಳಕ್ಕೆ ಬೆನ್ನು ಮಾಡಿ ನೆಟ್ಟಗೆ ನಿಂತರು.

"ಚೋಕ್ ಅರ್ಧ ಎಳೆಯಬೇಕು. ಬ್ರೇಕ್ ಹಾಕಿದರೆ—"

"ಅದನ್ನ ಡಾಕ್ಟರ ಮಗ ಹೇಳಾಯ್ತು," ಎಂದಳು ಅತ್ತೆ. "ಅವನು ರೋಗ ಹೇಳ್ತಾನೆ. ನೀವು ನಿಮ್ಮ ಪಾಡು ಹೇಳಿ."

ಅಧಿಕಾರಿ ಗಂಟಲು ಸರಿಮಾಡಿಕೊಂಡರು. ಮೊದಲ ಮಾತು ವರದಿ ಓದಿದಂತೆ ಬಂತು: "ಹೊಸ ಸೀರೆ ಉಟ್ಟ ದಿನ ಇದಕ್ಕೆ ಗೊತ್ತಾಗುತ್ತೆ." ಎರಡನೆಯದು ಹಾಗಿರಲಿಲ್ಲ. "ಹೇಗೆ ಗೊತ್ತಾಗುತ್ತೆ ಅಂತ ನಾನು ಎಂಜಿನಿಯರಾಗಿ ಇಷ್ಟು ವರ್ಷ ಯೋಚನೆ ಮಾಡಿದೀನಿ. ಹಳೇ ಸೀರೆ ಉಟ್ಟು ಮಾರ್ಕೆಟ್ಟಿಗೆ ಹೊರಟ್ರೆ ಕುದುರೆ! ಸಭೆ ಇದ್ರೆ ಕೆಮ್ಮು! ಮೇಲಿನವರು ಬಾಗಿಲಲ್ಲಿ ನಿಂತಿರ್ತಾರೆ, ನಾನು ಒದೀತಾ ಇರ್ತೀನಿ. ಅವರು ಒಳಗೆ ಹೋದ ತಕ್ಷಣ ಶುರು."

ಗೋಡೆ ಅಲುಗತೊಡಗಿತು.

"ನಮ್ಮಕ್ಕನ ಮನೆ ಮುಂದೆ ಒಂದು ಏರು ಇದೆ. ಅಲ್ಲಿಗೆ ಹೋದ್ರೆ ನಿಂತೇ ನಿಲ್ಲುತ್ತೆ. ಒಂದು ದಿನ ತಪ್ಪಿಲ್ಲ. ಅಕ್ಕ ಹೊರಗೆ ಬರ್ತಾಳೆ. 'ನನ್ನ ಹತ್ರ ಇದ್ದಾಗ ಹೀಗೆ ಮಾಡ್ತಿರ್ಲಿಲ್ಲ ಕಣೇ, ನಿಂದು ಒರಟು ಕೈ' ಅಂತಾಳೆ. ನಾನು ಒಳಗೆ ಹೋಗಿ ಕೂತ್ಕೋಬೇಕು. ಭಾವ ತಮ್ಮ ಬೆನ್ನುನೋವಿನ ವಿಷಯ ಮೊದಲಿಂದ ತೆಗೀತಾರೆ. ಅವರು ಮಾತು ಮುಗಿಸಿ, ನಾನು ಹೊರಗೆ ಬಂದು ಕಾಲಿಟ್ರೆ ಸಾಕು, ಒಂದೇ ಕಿಕ್ಕಿಗೆ ಎದ್ದು ನಿಲ್ಲುತ್ತೆ! ಅಕ್ಕ ಬಾಗಿಲಲ್ಲಿ ನಿಂತು ನೋಡಿದ್ಯಾ ಅಂತಾಳೆ. ಸ್ಕೂಟರೂ ಅದನ್ನೇ ಅನ್ನುತ್ತೆ. ಅದು ಇವತ್ತಿಗೂ ಅಕ್ಕನ ಕಡೇದೇ!"

ಮಡಚುವ ಕುರ್ಚಿಯಲ್ಲಿ ಕೂತಿದ್ದ ಒಬ್ಬರು ನಕ್ಕೂ ನಕ್ಕೂ ಕುರ್ಚಿಸಮೇತ ಮಡಚಿಕೊಂಡರು. ಪಾನಾ ತಳ್ಳುಗಾಡಿಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದ. ಬೆನ್ನು ಮಾಡಿ ನಿಂತಿದ್ದರಿಂದ ಅಧಿಕಾರಿಯ ಮುಖ ದೊಡ್ಡಿಯಕ್ಕನಿಗೆ ಕಾಣಲಿಲ್ಲ. ಆದರೆ ಭುಜ ಎರಡೂ ಕುಣಿಯುತ್ತಿದ್ದುದು ಕಾಣಿಸಿತು.

"ಸಾಕಾ?" ಎಂದು ಅವರು ತಿರುಗಿದಾಗ ಮುಖ ಮತ್ತೆ ಕಚೇರಿಯ ಮುಖವಾಗಿತ್ತು.

"ಸಾಕಮ್ಮ," ಎಂದಳು ಅತ್ತೆ. "ತಗೊಂಡು ಹೋಗು. ನಿಂದೇ."

ಪಾನಾ ಬೋಗುಣಿಯನ್ನು ಮುಂದಿಟ್ಟುಕೊಂಡು ಜೋಡಿಸಲು ಕೂತ. ಅಧಿಕಾರಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ತೊಟ್ಟಿಯನ್ನು ತೊಳೆದರು. ಬೇಡವೆಂದು ಗುಮಾಸ್ತ ಹೇಳಬಹುದಿತ್ತು, ಆದರೆ ಅವನು ಬಂದಿರಲಿಲ್ಲ, ದೊಡ್ಡಿಯಕ್ಕ ಹೇಳಲಿಲ್ಲ. ತೊಳೆದಾದ ಮೇಲೆ ತೊಟ್ಟಿಯ ಅಂಚಿನ ಮೇಲೆ ಕೂತು ಕೇಳಿದರು:

"ಹೀಗೆ ತಪ್ಪಿ ಕೊಟ್ಟದ್ದು ಇದುವರೆಗೆ ಎಷ್ಟು?"

"ಅತ್ತೆ ಒಂದು, ನಾನೊಂದು."

"ಅವರು ಯಾವಾಗಿನಿಂದ ಇಲ್ಲಿದಾರೆ?"

"ಗೋಡೆ ಕಟ್ಟಿದಾಗಿನಿಂದ."

ಅಧಿಕಾರಿ ಅಂಗಳವನ್ನೂ ಗೂಟಗಳನ್ನೂ ಎತ್ತರದ ಪ್ರಕಾರ ನಿಂತಿದ್ದ ಗಾಡಿಗಳನ್ನೂ ನೋಡಿದರು. "ಹಳ್ಳದ ಆಚೆ ಗುತ್ತಿಗೆಯವರ ಕೈಲಿರೋ ಅಂಗಳದಲ್ಲಿ ಹೋದ ವಾರ ಒಂದು ಬಸ್ಸೇ ಕಾಣೆಯಾಗಿದೆ," ಎಂದರು. "ಸ್ಟೂಲಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ. ನೀವು ಇಲ್ಲೇ ಇರಿ. ಆದ್ರೆ ಮೊದಲು ಕಾಗದ, ಆಮೇಲೆ ಚಾಳಿ. ಕಾಗದ ಯಾರ ಹೆಸರಲ್ಲಿದ್ರೂ ಸರಿ, ಕಾಗದ ಬೇಕು."

"ರಿಪೇರಿಯವನಿಗೆ ಇಲ್ಲ," ಎಂದು ಅತ್ತೆ ಬಾಲ ಸೇರಿಸಿದಳು.

"ರಿಪೇರಿಯವನಿಗೆ ಇಲ್ಲ," ಎಂದು ಅಧಿಕಾರಿಯೂ ಒಪ್ಪಿದರು. ಹಾಗೆಯೇ ತಿರುಗಿ, "ಪಾನಾ ಅವರೇ, ನಿಮ್ಮ ಅಂಗಡಿ ಚಾವಣಿ..." ಎನ್ನುವಷ್ಟರಲ್ಲಿ ಅವನು, "ನಾಳೆನೇ ಒಳಗೆ ಎಳ್ಕೋತೀನಿ ಮೇಡಮ್" ಎಂದು ಇನ್ನಷ್ಟು ಬೇಗ ಬೋಲ್ಟು ತಿರುಗಿಸಿದ.

ದೊಡ್ಡಿಯಕ್ಕ ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಎರಡು ಲೋಟ ನೀರು ಒಂದೇ ಸಲಕ್ಕೆ ಕುಡಿದಳು. ಹೊರಗೆ ಬಂದಾಗ ಗೋಡೆಯ ಮೇಲಿನವರು ಏನೂ ಆಗಿಲ್ಲವೆಂಬಂತೆ ಮುಂದಿನ ಗಾಡಿ ಯಾರದು ಎಂದು ಕೇಳುತ್ತಿದ್ದರು.

ಮುಂದಿನದು ದೂರದಿಂದಲೇ ಕೇಳಿಸಿತು. ದೊಡ್ಡಿಯಕ್ಕನ ಗಂಡ ರೋಲರ್ ಓಡಿಸಿಕೊಂಡು ಬರುತ್ತಿದ್ದ. ಮೇಡಮ್ ಬಂದಿದ್ದಾರೆ, ಮನೆಯಲ್ಲಿ ಗದ್ದಲವಾಗಿದೆ ಎಂದು ಯಾರೋ ಸುದ್ದಿ ಮುಟ್ಟಿಸಿದಾಗ ಅವನು ಹೊಸ ರಸ್ತೆಯ ಆ ತುದಿಯಲ್ಲಿದ್ದ. ಇಳಿದು ಓಡಿದ್ದರೆ ಎಂದೋ ತಲುಪುತ್ತಿದ್ದ. ರೋಲರ್ ಬಿಟ್ಟು ಬರುವುದು ಅವನ ಜಾಯಮಾನದಲ್ಲಿರಲಿಲ್ಲ. ಮುಖದಲ್ಲಿ ಅವಸರ, ಕೆಳಗೆ ರೋಲರ್. ಗೇಟಿನ ಎದುರು, ದಾರಿಗೆ ಪೂರ್ತಿ ಅಡ್ಡವಾಗಿ ನಿಲ್ಲಿಸಿ ಕೆಳಗಿಳಿದ.

"ಏನಾಯ್ತು? ಕೆಲಸ ಉಳೀತಾ?"

"ನೀನು ಬರೋಷ್ಟರಲ್ಲಿ ಹೋಗಿ, ಬಂದು, ಉಳೀತು," ಎಂದಳು ಅವನ ತಾಯಿ.

ಗೋಡೆಯಿಂದ ಕೂಗು ಎದ್ದಿತು: "ಅಕ್ಕ, ದಾರಿಗೆ ಅಡ್ಡ ನಿಲ್ಲಿಸಿದಾರೆ! ಕೂಡಿ, ಕೂಡಿ!"

ಅವನು ಗಾಬರಿಯಿಂದ ಹೆಂಡತಿಯನ್ನು ನೋಡಿದ. ಹೆಂಡತಿ ಅಧಿಕಾರಿಯನ್ನು ನೋಡಿದಳು. ಅಧಿಕಾರಿ ರೋಲರನ್ನೂ ರಸ್ತೆಯನ್ನೂ ನೋಡಿ, "ಅಡ್ಡವೇ ನಿಂತಿದೆ" ಎಂದರು. ಅಷ್ಟು ಸಾಕಾಯಿತು. ದೊಡ್ಡಿಯಕ್ಕ ಹಗ್ಗ ಹಿಡಿದು ಮುಂದೆ ಬಂದಳು.

"ಬೆನ್ನು ಮಾಡಿ ನಿಂತ್ಕೊಳಿ. ಇದರ ಚಾಳಿ ಹೇಳಿ."

ಅವನು ತಿರುಗಿ ನಿಂತ. ಬಹಳ ಹೊತ್ತು ಯೋಚಿಸಿದ. ಗೋಡೆಯ ಮೇಲಿನವರು ಕಾದರು, ಕುರ್ಚಿಗಳವರು ಕಾದರು, ಪಾನಾ ಕೂಡ ಕೈ ನಿಲ್ಲಿಸಿದ.

"ನಿಧಾನ ಅಂತ ಹೇಳೋ!" ಎಂದು ಯಾರೋ ಹೇಳಿಕೊಟ್ಟರು.

"ಅದು ಚಾಳಿ ಅಲ್ಲ, ಅದು ಅದರ ಗುಣ," ಎಂದ ಅವನು ನೊಂದ ದನಿಯಲ್ಲಿ. ಮತ್ತೆ ಯೋಚಿಸಿ, ಕೊನೆಗೆ ಪೂರ್ತಿ ಪ್ರಾಮಾಣಿಕವಾಗಿ ಹೇಳಿದ: "ಇಲ್ಲ ಕಣೇ. ಇದಕ್ಕೆ ಯಾವ ಚಾಳಿಯೂ ಇಲ್ಲ."

"ಹಾಗಾದ್ರೆ ಇದು ನಿಮ್ಮದಲ್ಲ," ಎಂದಳು ದೊಡ್ಡಿಯಕ್ಕ. ರೋಲರಿನ ಕುತ್ತಿಗೆ ಯಾವುದೆಂದು ಒಂದು ಗಳಿಗೆ ಹುಡುಕಿ, ಹಗ್ಗ ಹಾಕಿ, ಗೇಟಿನ ಪಕ್ಕದ ಗೂಟಕ್ಕೆ ಬಿಗಿದು ಕಟ್ಟಿದಳು.